ಹರಗಿ ಮೀನಿಗೆ ಎಷ್ಟು ನೀರು ಬೇಕು? ತುಂಗಭದ್ರೆಯಲ್ಲಿ ನಾನು ಅಳೆದ ಬಗೆ

ನಾಲ್ಕು ಬೇಸಿಗೆ ಹಿಡಿಯಿತು. ಕೊನೆಗೂ ನನ್ನ ಲೆಕ್ಕ ಕೂಡಿ ಬಂತು.

ಜಾಗ ಆನೆಗೊಂದಿಯ ಕೆಳಗೆ, ಕೊಪ್ಪಳ ಜಿಲ್ಲೆಯ ದಂಡೆ. ಎರಡು ಮಡುಗಳ ನಡುವೆ ಬಂಡೆ ಹಾಸು, ಅದರ ಮೇಲೆ ತೆಳ್ಳಗೆ ಹರಿಯುವ ನೀರು. ಏಪ್ರಿಲ್‌ನಲ್ಲಿ ಹರಗಿ ಮೀನು ಒಂದು ಮಡುವಿನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಇದೊಂದೇ ದಾರಿ. ಮಡು ಎಷ್ಟು ಆಳವಿದ್ದರೇನು, ದಾರಿ ಒಣಗಿದರೆ ಮೀನು ಅಲ್ಲೇ ಸಿಕ್ಕಿಬೀಳುತ್ತದೆ. ಹಾಗಾಗಿ ಮಡು ಬಿಟ್ಟು ದಾರಿ ಅಳೆಯೋಣ ಅಂದುಕೊಂಡೆ.

'ಡ್ಯಾಮಿನಿಂದ ದಿನಾ ಕ್ಯೂಸೆಕ್ ಲೆಕ್ಕ ಬರುತ್ತೆ, ನೀನ್ಯಾಕೆ ಬಾಟಲಿ ತೇಲಿಸ್ತೀಯ?' ಅಂದರು ಗೆಳೆಯರು. ಕ್ಯೂಸೆಕ್ ಅಂದರೆ ಸೆಕೆಂಡಿಗೆ ಎಷ್ಟು ಘನ ಅಡಿ ನೀರು ಹರಿಯುತ್ತದೆ ಅನ್ನುವ ಲೆಕ್ಕ. ಬಾಟಲಿ ತೇಲುವ ವೇಗವನ್ನು ಹರಿವಿನ ಅಗಲ, ಆಳದಿಂದ ಗುಣಿಸಿದರೆ ಅದು ಸಿಗುತ್ತದೆ. ಆದರೆ ಡ್ಯಾಮಿನಲ್ಲಿ ಬಿಟ್ಟದ್ದೆಲ್ಲ ಇಲ್ಲಿಗೆ ಬರಲ್ಲ. ವಿಜಯನಗರದ ಕಾಲದ ತುರ್ತಾ ಕಾಲುವೆ ತನ್ನ ಪಾಲು ತೆಗೆದುಕೊಳ್ಳುತ್ತದೆ, ದಂಡೆಯ ಪಂಪ್‌ಸೆಟ್‌ಗಳು ತಮ್ಮದನ್ನು.

ಮೊದಲ ವರ್ಷ, 2022ರಲ್ಲಿ, ಎಲ್ಲವೂ ಹಾಳಾಯಿತು. ನೆಟ್ಟಿದ್ದ ಎರಡು ಜಿಐ ಪೈಪ್ ಅಳತೆಕೋಲು ಗುಜರಿ ಸೇರಿದವು. ಮೂರು ಸಾವಿರ ಹೋಯಿತು. ನೀರಿನ ವೇಗ ಅಳೆಯಲು ಎರವಲು ತಂದ ಕರೆಂಟ್ ಮೀಟರಿನ ರೆಕ್ಕೆಗೆ ಪಾಚಿ ಸುತ್ತಿಕೊಂಡು ಬೇರಿಂಗ್ ಕೆಟ್ಟಿತು. ರಿಪೇರಿಗೆ ಹತ್ತಿರ ಹತ್ತಿರ ಒಂಬತ್ತು ಸಾವಿರ, ಕೈಯಿಂದಲೇ ಕೊಟ್ಟೆ. ಖಾಲಿ ಬಾಟಲಿ ತೇಲಿಬಿಟ್ಟರೆ ಮಧ್ಯಾಹ್ನದ ಗಾಳಿಗೆ ಹಿಂದಕ್ಕೇ ಬರುತ್ತಿದ್ದವು. ಮುಕ್ಕಾಲು ನೀರು ತುಂಬಿ, ಬೆಳಿಗ್ಗೆ ಏಳರೊಳಗೆ ಬಿಡಲು ಶುರು ಮಾಡಿದ ಮೇಲೆ ಸರಿಹೋಯಿತು.

ಆಮೇಲೆ ಪೈಪ್ ಕೈಬಿಟ್ಟೆ. ಬಂಡೆಗೇ ಬಣ್ಣದ ಗೆರೆ ಹಾಕಿದೆ. ನೀರು ಯಾವ ಗೆರೆ ಮುಟ್ಟಿದಾಗ ಎಷ್ಟು ಹರಿವು ಅಂತ ಬಾಟಲಿಯಿಂದ ಅಳೆದು ಹೊಂದಿಸಿಕೊಂಡೆ. ಎನಾಮೆಲ್ ಒಂದು ಮಳೆಗಾಲಕ್ಕೂ ನಿಲ್ಲಲಿಲ್ಲ. ಈಗ ನಿಂತಿರುವ ಮಿಶ್ರಣ ನನ್ನದೇ, ಅದನ್ನು ಸದ್ಯಕ್ಕೆ ಹೇಳಲ್ಲ. ಬಾಟಲಿ ತೋರಿಸುವುದು ಮೇಲ್ಮೈ ವೇಗ, ತಳದ ಹತ್ತಿರ ನೀರು ನಿಧಾನ. ಅದಕ್ಕೇ ಸರಾಸರಿ ವೇಗ ತಿಳಿಯಲು ಎಲ್ಲರೂ ಅದನ್ನು 0.85ರಿಂದ ಗುಣಿಸುತ್ತಾರಲ್ವಾ? ಈ ಒರಟು ಕಲ್ಲಿನ ತಳದಲ್ಲಿ ಅದು ಜಾಸ್ತಿ ಆಗುತ್ತದೆ. ನನಗೆ 0.7ರ ಆಸುಪಾಸು ಹೊಂದಿತು.

ನಡುವೆ ಉಪ್ಪಿನ ಪ್ರಯೋಗವೂ ಮಾಡಿದೆ. ಪಕ್ಕದ ಸಣ್ಣ ಕವಲಿನಲ್ಲಿ ಎರಡು ಕಿಲೋ ಉಪ್ಪು ಬಕೆಟ್ಟಿನಲ್ಲಿ ಕರಗಿಸಿ ಸುರಿದು, ಕೆಳಗೆ ಐದು ಸೆಕೆಂಡಿಗೊಮ್ಮೆ, ನೀರಿನಲ್ಲಿ ಕರಗಿದ ಲವಣ ತೋರಿಸುವ ಅಗ್ಗದ ಟಿಡಿಎಸ್ ಪೆನ್ ಓದಿದೆ. ಉಪ್ಪು ಎಷ್ಟು ತೆಳುವಾಯಿತು ಅನ್ನುವುದರಿಂದ ಹರಿವಿನ ಲೆಕ್ಕ ಸಿಗುತ್ತದೆ. ಸಣ್ಣ ಹರಿವಿಗೆ ಚೆನ್ನಾಗಿದೆ. ದೊಡ್ಡ ಹೊಳೆಗೆ ಮೂಟೆಗಟ್ಟಲೆ ಬೇಕು, ಸುಮ್ನೆ ಖರ್ಚು.

ನಿಜವಾದ ಪಾಠ ಹರಿಗೋಲು ಹಾಕುವ ಅಜ್ಜನಿಂದ ಬಂತು. 'ಮೀನಿಗೆ ಕ್ಯೂಸೆಕ್ ಗೊತ್ತಿಲ್ಲರಿ ಸರ. ಬೆನ್ನು ಮುಳುಗತೈತೋ ಇಲ್ಲೋ, ಅಷ್ಟ ಗೊತ್ತು. ನೀವು ಹಗಲು ಬರ್ತೀರಿ, ರಾತ್ರಿ ಬಂದು ನೋಡ್ರಿ' ಅಂದರು. ಅವರ ಜೊತೆ ಬಂಡೆ ಮೇಲೆ ಕೂತೆ. ಸಂಜೆ ಆರಕ್ಕೆ ಮೂರನೇ ಗೆರೆ ಮುಟ್ಟಿದ್ದ ನೀರು ರಾತ್ರಿ ಎರಡಕ್ಕೆ ನಾಲ್ಕು ಬೆರಳು ಇಳಿದಿತ್ತು. ಟಾರ್ಚ್ ಹಾಕಿದೆ. ಮೊಣಕೈ ಉದ್ದದ ಹರಗಿ ಒಂದು ಅಡ್ಡ ಮಲಗಿ ಬಾಲ ಬಡಿಯುತ್ತಿತ್ತು. ಒಂದು ಕಡೆಯ ಕಿವಿರು ಪೂರ್ತಿ ಗಾಳಿಯಲ್ಲಿತ್ತು. ಅಜ್ಜ ಎರಡೂ ಕೈ ಒದ್ದೆ ಮಾಡಿಕೊಂಡು ಅದನ್ನು ಎತ್ತಿ ಮಡುವಿಗೆ ಬಿಟ್ಟರು. ಅವತ್ತಿನಿಂದ ದಿನದ ಸರಾಸರಿ ಬರೆಯುವುದನ್ನು ಬಿಟ್ಟೆ. ಇಡೀ ದಿನದಲ್ಲಿ ಅತಿ ಕಡಿಮೆ ಎಷ್ಟು ಅಂತ ಮಾತ್ರ ಬರೆಯುತ್ತೇನೆ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋಯಿತಲ್ಲ, ಆ ಪ್ರವಾಹ ಇಳಿದ ಮೇಲೆ ನೋಡಿದರೆ ಗೆರೆಗಳು ಉಳಿದಿದ್ದವು, ತಳ ಬದಲಾಗಿತ್ತು. ಮತ್ತೆ ಮೊದಲಿಂದ ಅಳೆದೆ. 2025ರ ಬೇಸಿಗೆಯಲ್ಲಿ, ನನ್ನನ್ನು ನಂಬದಿದ್ದ ಎಂಜಿನಿಯರ್ ಗೆಳೆಯ ಒಳ್ಳೆಯ ಮೀಟರ್ ತಂದ. ಹನ್ನೊಂದು ಮೀಟರ್ ಅಗಲ, ಸರಾಸರಿ ಮೊಣಕಾಲಿಗಿಂತ ಕಡಿಮೆ ಆಳ. ಗೆರೆ ನೋಡಿ ನಾನು 58 ಕ್ಯೂಸೆಕ್ ಅಂದೆ. ಅವನ ಮೀಟರ್ 62 ತೋರಿಸಿತು. ಅವನೇ ಇನ್ನೊಂದು ಸಲ ಅಳೆದ, 60 ಬಂತು. ಕೈ ಕುಲುಕಿದ.

ದಾರಿಯ ಅತಿ ತೆಳು ಜಾಗದಲ್ಲಿ ಒಂದು ಗೇಣು ನೀರಿದ್ದರೆ ದೊಡ್ಡ ಹರಗಿ ದಾಟುತ್ತದೆ. ಅಲ್ಲಿ ಅದಕ್ಕೆ ಸುಮಾರು 60 ಕ್ಯೂಸೆಕ್ ಬೇಕು. 35ಕ್ಕೆ ಇಳಿದ ರಾತ್ರಿ ಒಂದೂ ದಾಟಿದ್ದು ನಾನು ಕಂಡಿಲ್ಲ.

ಈ ಭಾಗ, ಮುದ್ಲಾಪುರದಿಂದ ಕಂಪ್ಲಿಯವರೆಗೆ, 2015ರಿಂದ ನೀರುನಾಯಿ ಸಂರಕ್ಷಿತ ಪ್ರದೇಶ. ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇಳಿಯಬೇಡಿ. ನನ್ನ ಬಂಡೆ ಎಲ್ಲಿದೆ ಅಂತಲೂ ಕೇಳಬೇಡಿ, ಸಿಡಿಮದ್ದು ಹಾಕಿ ಮೀನು ಹಿಡಿಯುವವರು ಇನ್ನೂ ಇದ್ದಾರೆ. ಮುಂದಿನ ಬೇಸಿಗೆಗೆ ಕಂಪ್ಲಿ ಕಡೆ ಇನ್ನೂ ಮೂರು ಕಡೆ ಗೆರೆ ಹಾಕುತ್ತೇನೆ. ಬಣ್ಣ, ಡೀಸೆಲ್, ಅಜ್ಜನ ಕೂಲಿ ಸೇರಿ ಹದಿನೈದು ಸಾವಿರ ಎತ್ತಿಟ್ಟಿದ್ದೇನೆ.