ನಮ್ಮ ಮನೆಯ ಎರಡನೇ ಸಂಪ್

ಗ್ಲಾಸ್ ಅಂಗಡಿಯವರಿಗೆ ಫೋನಿನಲ್ಲಿ "ಒಂದು ಸಂಪ್ ಮಾಡಿಸಬೇಕಿತ್ತು" ಅಂದದ್ದು ಓನರ್ ಕಿವಿಗೆ ಬಿತ್ತು. "ಮೇಡಂ, ಇರೋ ಸಂಪ್ ಸಾಲ್ದಾ? ನೆಲಗಿಲ ಅಗೆಯೋ ಹಾಗಿಲ್ಲ ನೋಡಿ" ಅಂತ ಮಹಡಿಯಿಂದ ಇಳಿದು ಬಂದರು. ಇದು ಗಾಜಿನದ್ದು, ಮೀನಿನ ಟ್ಯಾಂಕ್ ಕೆಳಗೆ ಇಟ್ಟು ಅದರ ನೀರು ಸೋಸೋದು ಅಂತ ಸಮಾಧಾನ ಮಾಡಿ ಕಳಿಸಿದೆ. ಹನುಮಂತನಗರದಲ್ಲಿ ಬಾಡಿಗೆ ಮನೆ ನಮ್ಮದು. ನಾಲ್ಕಡಿ ಟ್ಯಾಂಕು, ಆರು ಗೋಲ್ಡ್ ಫಿಶ್. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಆದರೂ ಮೊದಲ ಸಲ ಲೆಕ್ಕ ತಪ್ಪಿತು.

ಕೆಲಸ ಸುಲಭ. ಮೇಲಿನ ಟ್ಯಾಂಕ್ ತುಂಬಿ ಹೆಚ್ಚಾದ ನೀರು ಪೈಪಿನಲ್ಲಿ ತಾನಾಗಿ ಕೆಳಗಿನ ಗಾಜಿನ ಪೆಟ್ಟಿಗೆಗೆ ಇಳಿಯುತ್ತದೆ. ಅಲ್ಲಿ ಸ್ಪಂಜು, ರಿಂಗುಗಳ ಮಧ್ಯೆ ಹಾದು ಕೊನೆಯ ಖಾನೆಗೆ ಬರುತ್ತದೆ. ಅಲ್ಲಿಂದ ಪಂಪ್ ಮತ್ತೆ ಮೇಲೆ ಕಳಿಸುತ್ತದೆ. ಗೋಲ್ಡ್ ಫಿಶ್ ನೋಡೋಕೆ ಚೆಂದ, ಗಲೀಜು ಮಾಡೋದರಲ್ಲಿ ಎಮ್ಮೆ. ಅವು ಬಿಡುವ ಅಮೋನಿಯಾವನ್ನು ಬ್ಯಾಕ್ಟೀರಿಯಾ ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಆ ಬ್ಯಾಕ್ಟೀರಿಯಾ ಕೂರಲು ಜಾಗ ಬೇಕು, ಆಕ್ಸಿಜನ್ ಬೇಕು. ಸಂಪಿನಲ್ಲಿ ಎರಡೂ ಇವೆ.

ನನ್ನ ಟ್ಯಾಂಕ್ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. 9 ಘನ ಅಡಿ, ಅಂದರೆ ಸುಮಾರು 255 ಲೀಟರ್. ಸಂಪ್ 30 ಇಂಚು ಉದ್ದ, 12 ಅಗಲ, 15 ಎತ್ತರ. ಸ್ಟ್ಯಾಂಡಿನೊಳಗೆ ಅಷ್ಟೇ ಹಿಡಿಸಿದ್ದು. ನಿಮ್ಮಲ್ಲಿ ಜಾಗ ಇದ್ದರೆ ಇನ್ನೂ ದೊಡ್ಡದು ಮಾಡಿಸಿ, ದೊಡ್ಡದಾಯಿತು ಅಂತ ಯಾರೂ ಕೊರಗಿಲ್ಲ.

ಒಳಗೆ 5 ಎಂ.ಎಂ. ಗಾಜಿನ ನಾಲ್ಕು ಪಾರ್ಟಿಷನ್. ಮೊದಲ ಖಾನೆ 8 ಇಂಚು, ನೀರು ಬೀಳುವುದು ಇಲ್ಲಿ, ಸ್ಪಂಜು ಇರುವುದೂ ಇಲ್ಲಿ. ಅದರಾಚೆಯ ಮೊದಲ ಗಾಜನ್ನು ತಳದಿಂದ ಒಂದು ಇಂಚು ಎತ್ತಿ ಅಂಟಿಸಿ, ನೀರು ಅಡಿಯಿಂದ ನುಗ್ಗಲಿ. ಎರಡನೇ ಖಾನೆ 10 ಇಂಚು. ಇಲ್ಲಿ ಬ್ಯಾಕ್ಟೀರಿಯಾ ಕೂರುವ ಸೆರಾಮಿಕ್ ರಿಂಗ್ ಹಾಕಿ. ದುಡ್ಡು ಜಾಸ್ತಿ ಅನಿಸಿದರೆ ಪಾತ್ರೆ ತಿಕ್ಕುವ ಪ್ಲಾಸ್ಟಿಕ್ ಸ್ಕ್ರಬ್ಬರ್ ಸಾಕು, ಸೋಪಿಲ್ಲದ್ದು, ಹೊಸದು. ನಾನು ಅರ್ಧ ಅದೇ ಹಾಕಿದ್ದೇನೆ. ಆಮೇಲೆ ಒಂದೊಂದು ಇಂಚು ಬಿಟ್ಟು ಮೂರು ಗಾಜು. ಮೊದಲನೆಯದನ್ನು ನೀರು ಹತ್ತಿ ಇಳಿಯಬೇಕು, ಎರಡನೆಯದರ ಅಡಿಯಿಂದ ನುಸುಳಬೇಕು, ಮೂರನೆಯದನ್ನು ಮತ್ತೆ ಹತ್ತಿ ಇಳಿಯಬೇಕು. ಗುಳ್ಳೆಗಳು ಇಲ್ಲೇ ಒಡೆದು ಹೋಗುತ್ತವೆ. ಇದಿಲ್ಲದಿದ್ದರೆ ಟ್ಯಾಂಕ್ ತುಂಬಾ ಸೋಡಾ. ಉಳಿದ ಎಂಟು ಚಿಲ್ಲರೆ ಇಂಚು ಪಂಪಿಗೆ.

ಸಿಲಿಕಾನ್ ಕೊಳ್ಳುವಾಗ ಟ್ಯೂಬಿನ ಮೇಲೆ ಅಕ್ವೇರಿಯಂ ಅಂತ ಬರೆದಿದೆಯಾ ನೋಡಿ. ಬಾತ್‌ರೂಮಿಗೆ ಹಚ್ಚುವುದರಲ್ಲಿ ಬೂಸ್ಟು ಬರದ ಹಾಗೆ ಔಷಧಿ ಸೇರಿಸಿರುತ್ತಾರೆ, ಅದು ಮೀನಿಗೆ ವಿಷ. ಗಾಜನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಎರಡೂ ಕಡೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸಿಲಿಕಾನ್ ಎಳೆದು, ಒದ್ದೆ ಬೆರಳಿನಲ್ಲಿ ಒಂದೇ ಸಲ ಸವರಿ. ಎರಡನೇ ಸಲ ಮುಟ್ಟಬೇಡಿ, ಕೆಡುತ್ತದೆ. ಎರಡು ದಿನ ಮನೆಯೆಲ್ಲ ವಿನೆಗರ್ ವಾಸನೆ. ವಾಸನೆ ಪೂರ್ತಿ ಹೋಗುವ ತನಕ ನೀರು ಹಾಕಬೇಡಿ, ನಾನು ಒಂದು ವಾರ ಬಿಟ್ಟೆ. ಆಮೇಲೆ ಬಾಲ್ಕನಿಯಲ್ಲಿ ಹಳೇ ಪೇಪರ್ ಹಾಸಿ, ಅದರ ಮೇಲಿಟ್ಟು, ತುಂಬಿಸಿ ಒಂದು ರಾತ್ರಿ ಬಿಡಿ. ಒಂದು ಹನಿ ಸೋರಿದರೂ ಪೇಪರ್ ಹೇಳಿಬಿಡುತ್ತದೆ.

ಮೇಲಿನ ಟ್ಯಾಂಕಿನ ಹಿಂಬದಿ ಗಾಜಿನಲ್ಲಿ, ಮೇಲಂಚಿನ ಹತ್ತಿರ, ನೀರಿಳಿಯಲು ತೂತು ಬೇಕು. ಇದನ್ನು ಗ್ಲಾಸ್ ಅಂಗಡಿಯವರೇ ಕೊರೆಯಲಿ. ಟಫನ್ಡ್ (ಕಾಯಿಸಿ ಗಟ್ಟಿ ಮಾಡಿದ) ಗಾಜಾದರೆ ಕೊರೆಯಲೇಬಾರದು, ಪೂರ್ತಿ ಚೂರಾಗುತ್ತದೆ. ತೂತಿಗೆ ಸಿಂಟೆಕ್ಸ್ ಟ್ಯಾಂಕಿಗೆ ಹಾಕುವ ಟ್ಯಾಂಕ್ ನಿಪ್ಪಲ್ಲೇ ಆಗುತ್ತದೆ, ಪ್ಲಾಸ್ಟಿಕ್ಕಿನದ್ದು, ಒಂದಿಂಚು. ತೂತಿಲ್ಲದೆ ಸೈಫನ್ ಮೇಲೆ, ಅಂದರೆ ನೀರು ತುಂಬಿದ ಪೈಪು ಅಂಚು ದಾಟಿಸಿ ನೀರನ್ನು ತಾನಾಗಿ ಕೆಳಗೆಳೆಯುವ ಹಾಗೆ, ನಡೆಯುವ ಪೆಟ್ಟಿಗೆಗಳೂ ಸಿಗುತ್ತವೆ. ನಾನಂತೂ ಬೇಡ ಅನ್ನುತ್ತೇನೆ. ಅದರೊಳಗೆ ಗಾಳಿ ಸೇರಿದರೆ ಇಳಿಯುವುದು ನಿಲ್ಲುತ್ತದೆ, ಪಂಪ್ ಮಾತ್ರ ಏರಿಸುತ್ತಲೇ ಇರುತ್ತದೆ. ಪೈಪು ಫ್ಲಶ್ ಮಾಡಿದ ಹಾಗೆ ಗೊಳಗೊಳ ಅಂದರೆ, ನೀರು ಇಳಿಯುವ ಕಡೆ ಮೂರು ಬಾಯಿಯ ಒಂದು ಟೀ (T) ಜೋಡಿಸಿ, ಅದರ ಮೇಲಿನ ಬಾಯಿಗೆ ಕ್ಯಾಪ್ ಹಾಕಿ, ಕ್ಯಾಪಿಗೆ ಸಣ್ಣ ತೂತು ಮಾಡಿ. ಸದ್ದು ಅಡಗುತ್ತದೆ.

ಈಗ ನನ್ನ ತಪ್ಪು. ಎಲ್ಲ ಜೋಡಿಸಿ ನಾಲ್ಕನೇ ರಾತ್ರಿ, ಎರಡು ಗಂಟೆಗೆ ಕರೆಂಟ್ ಹೋಯಿತು. "ಎದ್ದೇಳೇ, ಕಾಲಿಟ್ಟರೆ ನೀರು!" ಅಂತ ಅತ್ತೆ ಕೂಗಿದರು. ಹಾಲಿನ ದಿವಾನಿನ ಕೆಳಗಿದ್ದ ಅವರ ಹಪ್ಪಳದ ಡಬ್ಬ ತೇಲುವುದೊಂದು ಬಾಕಿ.

ಆದದ್ದು ಇಷ್ಟೇ. ಪಂಪ್ ನಿಂತಾಗ, ನೀರು ಏರುವ ಪೈಪೇ ಸೈಫನ್ ಆಗಿ ನೀರನ್ನು ಕೆಳಗೆ ಎಳೆಯುತ್ತದೆ. ಆ ಪೈಪಿನ ಬಾಯಿ ಗಾಳಿಗೆ ತೆರೆಯುವ ತನಕ ನಿಲ್ಲುವುದಿಲ್ಲ. ನಾನು ಬಾಯಿಯನ್ನು ನೀರಿನಿಂದ 4 ಇಂಚು ಕೆಳಗೆ ಇಟ್ಟಿದ್ದೆ, ನೋಡೋಕೆ ಚೆನ್ನಾಗಿ ಕಾಣುತ್ತೆ ಅಂತ. ನನ್ನ ಟ್ಯಾಂಕಿನಲ್ಲಿ ಒಂದು ಇಂಚು ಎಂದರೆ 14 ಲೀಟರ್. ನಾಲ್ಕಕ್ಕೆ 56. ಸಂಪಿನಲ್ಲಿ ಇಂಚಿಗೆ ಹಿಡಿಸುವುದು ಸುಮಾರು 6 ಲೀಟರ್, ನಾನು ಖಾಲಿ ಬಿಟ್ಟದ್ದು 5 ಇಂಚು, ಅಂದರೆ 30 ಲೀಟರ್. ಉಳಿದ 26 ಲೀಟರ್, ಎರಡು ಬಿಂದಿಗೆಯಷ್ಟು, ಹಾಲಿಗೆ. ಎಂಟನೇ ಕ್ಲಾಸಿನ ಮಕ್ಕಳು ಮಾಡುವ ಲೆಕ್ಕ ಇದು.

ಈಗ ಬಾಯಿಯನ್ನು ಒಂದೇ ಇಂಚು ಕೆಳಗಿಟ್ಟಿದ್ದೇನೆ. ನೀರಿನ ಮಟ್ಟಕ್ಕಿಂತ ಚೂರು ಕೆಳಗೆ ಪೈಪಿಗೆ ಒಂದು ಸಣ್ಣ ತೂತೂ ಇದೆ, ಅಲ್ಲಿಂದ ಗಾಳಿ ನುಗ್ಗಿ ಸೈಫನ್ ಬೇಗ ಮುರಿಯಲಿ ಅಂತ. ಆದರೆ ಆ ತೂತನ್ನೇ ನಂಬಬೇಡಿ, ಪಾಚಿ ಕಟ್ಟಿಕೊಳ್ಳುತ್ತದೆ. ಒಂದು ಕಡೆಗೆ ಮಾತ್ರ ನೀರು ಬಿಡುವ ವಾಲ್ವ್ ಕೂಡ ಅಷ್ಟೇ, ಕಸ ಸಿಕ್ಕಿಕೊಂಡರೆ ಮುಚ್ಚುವುದಿಲ್ಲ.

ಉಲ್ಟಾ ಲೆಕ್ಕವನ್ನೂ ಹಾಕಿ. ಇಳಿಯುವ ಪೈಪಿಗೆ ಎಲೆ ಸಿಕ್ಕಿಕೊಂಡಿತು ಅನ್ನಿ. ಪಂಪ್ ತನ್ನ ಖಾನೆಯ ನೀರನ್ನಷ್ಟೂ ಮೇಲೆ ಏರಿಸುತ್ತದೆ. ನನ್ನಲ್ಲಿ ಅದು 13 ಲೀಟರ್, ಮೇಲೆ ಒಂದು ಇಂಚು. ಅದಕ್ಕೇ ಟ್ಯಾಂಕಿನ ಅಂಚಿಗೂ ನೀರಿಗೂ ಒಂದೂವರೆ ಇಂಚು ಬಿಟ್ಟಿದ್ದೇನೆ. ಎರಡನ್ನೂ ಹಗಲಲ್ಲೇ ಮಾಡಿ ನೋಡಿ. ಪ್ಲಗ್ ಕಿತ್ತು ಒಂದು ಸಲ, ನೀರಿಳಿಯುವ ತೂತಿಗೆ ಬಟ್ಟೆ ತುರುಕಿ ಒಂದು ಸಲ. ಕೈಯಲ್ಲಿ ಮಾಪು ಇರಲಿ.

ಪಂಪಿನ ಡಬ್ಬದ ಮೇಲೆ ಗಂಟೆಗೆ 2,500 ಲೀಟರ್ ಅಂತಿತ್ತು. ಅದು ಎತ್ತರವೇ ಇಲ್ಲದಾಗ. ನಾಲ್ಕಡಿ ಮೇಲೆ ಏರಿಸಿ ಬಕೆಟ್ ಹಿಡಿದರೆ 10 ಲೀಟರ್ ತುಂಬಲು 30 ಸೆಕೆಂಡ್, ಅಂದರೆ 1,200 ಲೀಟರ್. ಟ್ಯಾಂಕಿನ ನೀರು ಗಂಟೆಗೆ ನಾಲ್ಕೂ ಮುಕ್ಕಾಲು ಸುತ್ತು. ನನಗೆ ಸಾಕು.

ಹೊಸ ಸಂಪ್ ಮೊದಲ ದಿನವೇ ಕೆಲಸ ಮಾಡುವುದಿಲ್ಲ, ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಹಳೇ ಫಿಲ್ಟರನ್ನು ಅಲ್ಲಿಯವರೆಗೆ ತೆಗೆಯಬೇಡಿ. ರಿಂಗುಗಳನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಕಾವೇರಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಅಲುಗಾಡಿಸಿ.

ಆವಿಯಾಗಿ ಹೋದ ನೀರು ಕಾಣುವುದು ಪಂಪಿನ ಖಾನೆಯಲ್ಲಿ ಮಾತ್ರ. ಅಲ್ಲಿ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿದ್ದೇನೆ. ಕಡಿಮೆಯಾದರೆ ಪಂಪ್ ಗಾಳಿ ಎಳೆದು ಸುಟ್ಟು ಹೋಗುತ್ತದೆ. ಏಪ್ರಿಲ್ ಬಿಸಿಲಿಗೆ ದಿನಾ ಒಂದು ಚೊಂಬು ಹಾಕಬೇಕಾಗುತ್ತದೆ. ಆ ಕೆಲಸ ಈಗ ಅತ್ತೆಯದು. ಹಪ್ಪಳದ ಡಬ್ಬ ಮಾತ್ರ ಅಟ್ಟದಿಂದ ಕೆಳಗೆ ಬಂದಿಲ್ಲ.