ಅಮೆರಿಕದ ಪೌರತ್ವ ಸಂದರ್ಶನ: 'ಯೆಸ್ ಯೆಸ್' ಅನ್ನುವ ಮುನ್ನ

ಮಕ್ಕಳ ಜತೆ ಅಮೆರಿಕದಲ್ಲಿದ್ದು, ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಬಂದು ಹೋಗುವ ಹಿರಿಯರು ಪೌರತ್ವದ ಪ್ರಶ್ನೋತ್ತರವನ್ನು ಜಗಲಿಯಲ್ಲಿ ಕೂತು ಉರು ಹೊಡೆಯುತ್ತಾರೆ. ಎಡವುವುದು ಅಲ್ಲಲ್ಲ, ತಾವೇ ಸಹಿ ಹಾಕಿದ ಅರ್ಜಿಯಲ್ಲಿ.

ಮೊದಲು ದಿನಗಳ ಲೆಕ್ಕ. ಸಾಮಾನ್ಯವಾಗಿ ಗ್ರೀನ್ ಕಾರ್ಡ್ (ಅಮೆರಿಕದಲ್ಲಿ ಕಾಯಂ ವಾಸದ ಪರವಾನಗಿ) ಸಿಕ್ಕಿ 5 ವರ್ಷ ಆಗಿರಬೇಕು, ಅದರಲ್ಲಿ 30 ತಿಂಗಳು ಅಲ್ಲೇ ಇದ್ದಿರಬೇಕು. ಅಕ್ಟೋಬರ್ ಸುಮಾರಿನ ಭೂಮಿ ಹುಣ್ಣಿಮೆಗೆ ಬಂದು, ಅಡಿಕೆ ಸುಲಿತ ಮುಗಿಸಿ ಯುಗಾದಿಗೆ ಹೊರಟರೆ ತೊಂದರೆಯಿಲ್ಲ. ಮೇ ತಿಂಗಳ ಮದುವೆಗಳನ್ನೂ ಮುಗಿಸಿಯೇ ಹೋಗುತ್ತೇನೆಂದರೆ ಆರು ತಿಂಗಳು ಮೀರುತ್ತದೆ; ಆಗ ಅಮೆರಿಕದ ವಾಸ ಮುರಿದಿಲ್ಲವೆಂದು ದಾಖಲೆ ಸಮೇತ ತೋರಿಸುವ ಹೊಣೆ ನಿಮ್ಮದು. ಪ್ರತಿ ಪ್ರಯಾಣದ ತಾರೀಖನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪಾಸ್‌ಪೋರ್ಟ್ ಮುದ್ರೆಯನ್ನಷ್ಟೇ ನಂಬಬೇಡಿ, ಟಿಕೆಟ್‌ಗಳನ್ನೂ ಇಟ್ಟುಕೊಳ್ಳಿ.

ಅಮೆರಿಕದ ಇತಿಹಾಸ, ಆಡಳಿತ ಕುರಿತ ಸಾಮಾನ್ಯ ಜ್ಞಾನದ ಪರೀಕ್ಷೆಗೆ ಹಳೆಯ '100 ಪ್ರಶ್ನೆ' ವಿಡಿಯೊಗಳನ್ನು ನೋಡಿ ಕಾಲ ಕಳೆಯಬೇಡಿ. 2025ರ ಅಕ್ಟೋಬರ್ 20ರಿಂದ ಈಚೆಗೆ ಅರ್ಜಿ ಹಾಕಿದವರಿಗೆ 128 ಪ್ರಶ್ನೆಗಳ ಪಟ್ಟಿ. 20 ಕೇಳುತ್ತಾರೆ, 12 ಸರಿಯಾದರೆ ಪಾಸ್. 65 ದಾಟಿ, ಗ್ರೀನ್ ಕಾರ್ಡ್ ಸಿಕ್ಕು 20 ವರ್ಷವಾದವರಿಗೆ 20 ಪ್ರಶ್ನೆಗಳ ಚಿಕ್ಕ ಪಟ್ಟಿ, 10ರಲ್ಲಿ 6 ಸರಿ ಇದ್ದರೆ ಸಾಕು. ಅವರು ದುಭಾಷಿಯನ್ನಿಟ್ಟುಕೊಂಡು ಕನ್ನಡದಲ್ಲೇ ಉತ್ತರಿಸಬಹುದು. ನೀವಿರುವ ರಾಜ್ಯದ ಗವರ್ನರ್, ಸೆನೆಟರ್ ಹೆಸರುಗಳನ್ನು ಹಿಂದಿನ ರಾತ್ರಿ ಇನ್ನೊಮ್ಮೆ ನೋಡಿ, ಚುನಾವಣೆ ಆಗಿಬಿಟ್ಟಿರುತ್ತದೆ.

ಇಂಗ್ಲಿಷ್ ಓದು, ಬರಹ ಸುಲಭ. ಮೂರರಲ್ಲಿ ಒಂದು ವಾಕ್ಯ ಓದಿದರಾಯಿತು, ಮೂರರಲ್ಲಿ ಒಂದು ಬರೆದರಾಯಿತು. ಪದಗಳನ್ನು ಮೊಟಕುಗೊಳಿಸಿ ಬರೆಯಬೇಡಿ.

ಕಷ್ಟವಿರುವುದು ಪೌರತ್ವಕ್ಕೆ ಹಾಕುವ ಎನ್-400 ಅರ್ಜಿಯಲ್ಲಿ. ಅಧಿಕಾರಿ ಪ್ರಮಾಣ ಮಾಡಿಸಿ, ಅದರಲ್ಲಿರುವ ಹೌದು-ಇಲ್ಲ ಪ್ರಶ್ನೆಗಳನ್ನು ಬಾಯಲ್ಲೇ ಕೇಳುತ್ತಾರೆ. ಎದುರಿನವರು ಮಾತಾಡುವಾಗ 'ಹ್ಞಾಂ, ಹ್ಞಾಂ' ಅನ್ನುವುದು ನಮ್ಮ ಕಡೆಯ ಮರ್ಯಾದೆ. ಅಲ್ಲಿ ಅದು 'ಯೆಸ್' ಆಗುತ್ತದೆ. 'ಯಾವತ್ತಾದರೂ ಅಮೆರಿಕದ ಪ್ರಜೆ ಎಂದು ಹೇಳಿಕೊಂಡಿದ್ದೀರಾ', 'ಮತ ಹಾಕಿದ್ದೀರಾ' ಎಂಬ ಪ್ರಶ್ನೆಗೆ ಅರ್ಥವಾಗದೆ ತಲೆಯಾಡಿಸಿದರೆ ಕೆಲಸ ಕೆಟ್ಟಿತು. ಪ್ರಶ್ನೆ ಪೂರ್ತಿ ಮುಗಿಯುವವರೆಗೆ ತಲೆ ಅಲ್ಲಾಡಿಸದೆ ಕೂರುವುದನ್ನೇ ಮನೆಯಲ್ಲಿ ಅಭ್ಯಾಸ ಮಾಡಿ. ತಿಳಿಯದಿದ್ದರೆ 'ಪ್ಲೀಸ್ ರಿಪೀಟ್' ಅನ್ನಿ. ಅದರಿಂದ ಅಂಕ ಕಡಿಮೆಯಾಗುವುದಿಲ್ಲ.

ಎರಡನೆಯ ಗುಂಡಿ ಇನ್ನೂ ಆಳ. 'ಹ್ಯಾವ್ ಯು ಎವರ್' ಎಂದು ಶುರುವಾಗುವ ಪ್ರಶ್ನೆಗಳಿಗೆ ಬಹುತೇಕರ ಉತ್ತರ 'ನೋ'. 'ಎಲ್ಲದಕ್ಕೂ ನೋ ಅನ್ನು' ಎಂದು ಮಗನೋ ಸೊಸೆಯೋ ಹೇಳಿಕೊಟ್ಟಿರುತ್ತಾರೆ. ಕೊನೆಯಲ್ಲಿ ಪ್ರಶ್ನೆಯ ದಾರಿ ತಿರುಗುತ್ತದೆ: ಸಂವಿಧಾನವನ್ನು ಬೆಂಬಲಿಸುತ್ತೀರಾ, ನಿಷ್ಠೆಯ ಪ್ರಮಾಣ ಮಾಡಲು ಸಿದ್ಧರಿದ್ದೀರಾ, 'ಬೇರ್ ಆರ್ಮ್ಸ್' ಮಾಡುತ್ತೀರಾ? ಇದು ಮನೆಯಲ್ಲಿರುವ ಬೆಳೆ ರಕ್ಷಣೆಯ ಕೋವಿಯ ವಿಚಾರವಲ್ಲ. ಕಾನೂನು ಕೇಳಿದರೆ ದೇಶದ ಪರ ಶಸ್ತ್ರ ಹಿಡಿಯುತ್ತೀರಾ ಎಂದು. ರೂಢಿಯಲ್ಲಿ ಇಲ್ಲೂ 'ನೋ' ಅಂದುಬಿಟ್ಟರೆ ಪ್ರಮಾಣವನ್ನೇ ನಿರಾಕರಿಸಿದಂತೆ ಕಾಣಬಹುದು. ಹಾಗಾಗಿ ಪ್ರಶ್ನೆಗಳನ್ನು ಕಲಸಿ, ಹಿಂದುಮುಂದಾಗಿ ಕೇಳಿಸಿಕೊಳ್ಳಿ. ಪ್ರತಿಯೊಂದರ ಅರ್ಥ ಸರಳ ಇಂಗ್ಲಿಷಿನಲ್ಲಿ ಹೇಳಲು ಬರಬೇಕು; 'ಅಂದರೇನು' ಎಂದು ಅಧಿಕಾರಿ ಮರುಪ್ರಶ್ನೆ ಹಾಕುವುದುಂಟು.

ಇನ್ನೊಂದಿದೆ. ಶಸ್ತ್ರ ತರಬೇತಿ ಪಡೆದಿದ್ದೀರಾ ಎಂಬ ಪ್ರಶ್ನೆಯೂ ಅರ್ಜಿಯಲ್ಲಿದೆ. ಕಾಲೇಜಿನ ಎನ್‌ಸಿಸಿಯಲ್ಲಿ ರೈಫಲ್ ಹಿಡಿದವರು, ಪೊಲೀಸ್ ಕೆಲಸದಲ್ಲಿದ್ದವರು ಅರ್ಜಿ ಹಾಕುವ ಮೊದಲೇ ವಕೀಲರ ಜತೆ ಕೂತು ಉತ್ತರ ತೀರ್ಮಾನಿಸಿ. 'ಯಾರಿಗೆ ಗೊತ್ತಾಗುತ್ತೆ' ಅನ್ನುವ ಏಜೆಂಟರ ಹತ್ತಿರ ಹೋಗಲೇಬೇಡಿ. ತರಬೇತಿಗಿಂತ ಸುಳ್ಳೇ ದೊಡ್ಡ ತಪ್ಪಾಗುತ್ತದೆ.

ಸಂದರ್ಶನದ ದಿನ ನೋಟಿಸ್, ಗ್ರೀನ್ ಕಾರ್ಡ್, ಹಳೆಯದೂ ಸೇರಿ ಎಲ್ಲ ಪಾಸ್‌ಪೋರ್ಟ್ ಒಯ್ಯಿರಿ. ಪರೀಕ್ಷೆಯ ಯಾವ ಭಾಗ ಹೋಯಿತೋ ಅದಕ್ಕಷ್ಟೇ 60ರಿಂದ 90 ದಿನಗಳೊಳಗೆ ಇನ್ನೊಮ್ಮೆ ಕರೆಯುತ್ತಾರೆ.

ಪಾಸಾದ ಕೂಡಲೇ ಪ್ರಜೆಯಾಗುವುದಿಲ್ಲ, ಪ್ರಮಾಣವಚನ ಆಗಬೇಕು. ಭಾರತದಲ್ಲಿ ಎರಡು ದೇಶದ ಪೌರತ್ವಕ್ಕೆ ಅವಕಾಶವಿಲ್ಲ. ಪ್ರಮಾಣದ ನಂತರ ಭಾರತದ ಪಾಸ್‌ಪೋರ್ಟ್ ಬಳಸುವಂತಿಲ್ಲ, ಒಪ್ಪಿಸಬೇಕು; ಆಮೇಲೆ ಓಸಿಐ ಕಾರ್ಡ್ (ಬೇರೆ ದೇಶದ ಪ್ರಜೆಯಾದ ಭಾರತ ಮೂಲದವರಿಗೆ ಕೊಡುವ ಕಾರ್ಡ್) ಮಾಡಿಸಿಕೊಳ್ಳಬಹುದು. ಊರಲ್ಲಿ ಮತ ಹಾಕುವಂತಿಲ್ಲ. ಪಿತ್ರಾರ್ಜಿತ ತೋಟವನ್ನು ಉಳಿಸಿಕೊಳ್ಳಬಹುದು, ಆದರೆ ಓಸಿಐ ಇಟ್ಟುಕೊಂಡು ಪಕ್ಕದ ಅಡಿಕೆ ತೋಟ ಕೊಳ್ಳಲು ಬರುವುದಿಲ್ಲ.