ಪೇಂಟಿನ ಕೆಳಗಿನ ಮರ: ರಿಪೇರಿ ಮಾಡಿ ಮಾರುವ ಹಳೇ ಮನೆಯ ಬಾಗಿಲು, ಪಟ್ಟಿ, ಕಬೋರ್ಡು ನೋಡುವ ಬಗೆ

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರದ ಕಡೆ ಹಳೇ ಹಂಚಿನ ಮನೆ ಕೊಂಡು, ಎರಡು ಮೂರು ತಿಂಗಳಲ್ಲಿ ಟೈಲ್ಸ್ ಹಾಸಿ, ಪೇಂಟ್ ಹೊಡೆಸಿ, "ಹೋಂಸ್ಟೇ ಮಾಡಬಹುದು" ಅಂತ ಹೇಳಿ ಮಾರುವುದುಂಟು. ಗೋಡೆಯ ಬಿರುಕು ಪುಟ್ಟಿಯಲ್ಲಿ ಮುಚ್ಚಿಹೋಗುತ್ತದೆ. ಮರಗೆಲಸದ ತಪ್ಪು ಅಷ್ಟು ಸುಲಭಕ್ಕೆ ಮುಚ್ಚುವುದಿಲ್ಲ, ಒಂದು ಮಳೆಗಾಲ ಕಳೆದರೆ ತಾನೇ ಹೊರಗೆ ಬರುತ್ತದೆ. ಆದರೆ ಅಷ್ಟರಲ್ಲಿ ರಿಜಿಸ್ಟ್ರೇಷನ್ ಮುಗಿದಿರುತ್ತದೆ. ಹಾಗಾಗಿ ಮುಂಗಡ ಕೊಡುವ ಮೊದಲೇ ಎರಡು ಗಂಟೆ ಮರಕ್ಕಾಗಿ ಎತ್ತಿಡಿ.

ಜೊತೆಗೆ ಟಾರ್ಚು, ಟೇಪು, ಒಂದು ಅಡಿ ಉದ್ದದ ರಸಮಟ್ಟ (ಸ್ಪಿರಿಟ್ ಲೆವೆಲ್), ಸಣ್ಣ ಸ್ಕ್ರೂಡ್ರೈವರ್, ಮೂರು ಹಳೇ ಎಟಿಎಂ ಕಾರ್ಡು ಇರಲಿ. ಒಂದು ಕಾರ್ಡಿನ ದಪ್ಪ ಮುಕ್ಕಾಲು ಮಿಲಿಮೀಟರು. ಮೂರನ್ನು ಜೋಡಿಸಿದರೆ ಎರಡೂಕಾಲು ಮಿ.ಮೀ. ಆಗುತ್ತದೆ. ಬಾಗಿಲಿನ ಸಂದು ಅಳೆಯಲು ಅದೇ ಸಾಕು.

ಮನೆಯನ್ನು ಯಾವ ತಿಂಗಳಲ್ಲಿ ನೋಡುತ್ತೀರಿ ಎಂಬುದೂ ಮುಖ್ಯ. ಮರ ಉದ್ದಕ್ಕೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲ, ಅಗಲಕ್ಕೆ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಹಲಗೆಗಳನ್ನು ಜೋಡಿಸಿ ಮಾಡಿದ 900 ಮಿ.ಮೀ. ಅಗಲದ ಬಾಗಿಲು, ಮರದ ತೇವ ಶೇಕಡಾ 4ರಷ್ಟು ಏರಿದರೆ, 3ರಿಂದ 7 ಮಿ.ಮೀ. ಹಿಗ್ಗುತ್ತದೆ. ಇದು ಕಡಿಮೆ ಹಿಗ್ಗಿ ಕುಗ್ಗುವ ತೇಗದ ಲೆಕ್ಕ. ಮಾರ್ಚಿ ತಿಂಗಳಲ್ಲಿ ಬಾಗಿಲು "ಟಕ್" ಅಂತ ಬಿಗಿಯಾಗಿ ಕೂತರೆ ಮೆಚ್ಚಿಕೊಳ್ಳಬೇಡಿ, ಪುನರ್ವಸು ಮಳೆಗೆ ಅದು ಭುಜ ಕೊಟ್ಟು ತಳ್ಳಿದರೂ ಅಲ್ಲಾಡುವುದಿಲ್ಲ. ಬೇಸಿಗೆಯಲ್ಲಿ ನೋಡುವಾಗ ಮೇಲೆ ಮತ್ತು ಎರಡೂ ಪಕ್ಕ ಮೂರೂ ಕಾರ್ಡು ಸಲೀಸಾಗಿ ಹೋಗಬೇಕು. ಮಳೆಗಾಲದಲ್ಲಿ ಒಂದೆರಡು ಹೋದರೆ ಸಾಕು. ಹಾಸನ ಪೇಟೆಗಿಂತ ಸಕಲೇಶಪುರದಲ್ಲಿ ಮಳೆ ಎರಡು ಪಟ್ಟು. ಅರಸೀಕೆರೆಯಲ್ಲಿ ಒಗ್ಗುವ ಸಂದು ಅಲ್ಲಿಗೆ ಒಗ್ಗುವುದಿಲ್ಲ.

ಮೊದಲು ಕೆಳಗಿನ ಆರು ಅಂಗುಲ ನೋಡಿ

ನಿಮಗೆ ಸಮಯವೇ ಇಲ್ಲ ಅಂದರೆ ಇದೊಂದನ್ನಾದರೂ ನೋಡಿ. ಹಳೇ ರೆಡ್ ಆಕ್ಸೈಡ್ ನೆಲವನ್ನು ಒಡೆಯದೆ ಅದರ ಮೇಲೇ ಸಿಮೆಂಟು ಮರಳು ಹಾಕಿ ಟೈಲ್ಸ್ ಕೂರಿಸಿದರೆ ನೆಲ ಒಂದೂವರೆಯಿಂದ ಎರಡು ಅಂಗುಲ ಮೇಲೇಳುತ್ತದೆ. ಆಗ ಬಾಗಿಲು ನೆಲಕ್ಕೆ ತಾಗುತ್ತದೆ. ಮೇಸ್ತ್ರಿ ಏನು ಮಾಡುತ್ತಾನೆ? ಬಾಗಿಲನ್ನು ಕಳಚಿ, ಕೆಳಗಿನಿಂದ ಎರಡು ಅಂಗುಲ ಕತ್ತರಿಸಿ ಮತ್ತೆ ತೂಗುಹಾಕುತ್ತಾನೆ. ಹತ್ತು ನಿಮಿಷದ ಕೆಲಸ.

ಕತ್ತರಿಸಿದ ಜಾಗದಲ್ಲಿ ಏನಿತ್ತು ಅನ್ನುವುದೇ ಪ್ರಶ್ನೆ. ಪ್ಯಾನಲ್ ಬಾಗಿಲಿನಲ್ಲಿ, ಅಂದರೆ ಪಟ್ಟಿಗಳ ಚೌಕಟ್ಟಿನೊಳಗೆ ಹಲಗೆ (ಪ್ಯಾನಲ್) ಕೂರಿಸಿದ ಬಾಗಿಲಿನಲ್ಲಿ, ಕೆಳಗಿನ ಅಡ್ಡಪಟ್ಟಿಯ ತುದಿಯನ್ನು ನಾಲಗೆಯಂತೆ ಕೆತ್ತಿ, ಪಕ್ಕದ ನಿಲುವು ಪಟ್ಟಿಯ ತೂತಿನೊಳಗೆ ಕೂರಿಸಿ, ಮರದ ಗೂಟ ಬಡಿದಿರುತ್ತಾರೆ. ಕೆಳಗಿನಿಂದ ಎರಡು ಅಂಗುಲ ಹೋದರೆ ಆ ನಾಲಗೆಯ ಒಂದು ಪಾಲೂ ಹೋಯಿತು, ತೂತಿನ ಬಾಯಿ ಕೆಳಗೆ ತೆರೆದುಕೊಂಡಿತು. ನೆಲ ಒರೆಸುವ ನೀರು ದಿನಾ ಅಲ್ಲಿಗೇ ಸೇರುತ್ತದೆ. ಅಡ್ಡಪಟ್ಟಿ ಸಡಿಲವಾಗಿ ಬಾಗಿಲು ಒಂದು ಮೂಲೆಗೆ ಜೋತುಬೀಳುತ್ತದೆ. ಎರಡೂ ಕಡೆ ಪ್ಲೈ ಅಂಟಿಸಿದ ಸಪಾಟಾದ ಫ್ಲಶ್ ಡೋರಾದರೆ ಇನ್ನೂ ಕಷ್ಟ: ಅದರ ಅಂಚಿನಲ್ಲಿ ಗಟ್ಟಿ ಮರದ ಪಟ್ಟಿ ಎರಡು ಮೂರು ಅಂಗುಲ ಮಾತ್ರ. ಅದು ಹೋದರೆ ಉಳಿಯುವುದು ಒಳಗಿನ ಚೂರುಪಾರು ಮರ.

ಪತ್ತೆ ಮಾಡುವುದು ಹೀಗೆ. ಪ್ಯಾನಲ್ ಬಾಗಿಲಿನ ಕೆಳಗಿನ ಅಡ್ಡಪಟ್ಟಿ ಸಾಮಾನ್ಯವಾಗಿ ಎಲ್ಲಕ್ಕಿಂತ ಅಗಲ, ಸುಮಾರು ಎಂಟು ಅಂಗುಲ. ಟೇಪು ಹಿಡಿದಾಗ ಆರೋ ಐದೂವರೆಯೋ ಬಂದರೆ ಕತ್ತರಿಸಿದ್ದಾರೆ ಎಂದುಕೊಳ್ಳಿ. ಆಮೇಲೆ ಮೊಬೈಲನ್ನು ಕ್ಯಾಮೆರಾ ಮೇಲ್ಮುಖವಾಗುವಂತೆ ನೆಲದ ಮೇಲಿಟ್ಟು, ಬಾಗಿಲ ಅಡಿಗೆ ಒಂದು ಫೋಟೋ ತೆಗೆಯಿರಿ. ಅಡಿಯ ಅಂಚಿಗೆ ಪ್ರೈಮರ್ ಇಲ್ಲದೆ ಬರೀ ಮರ ಕಂಡರೆ, ಮನೆಯ ಉಳಿದ ಕೆಲಸವೂ ಎಷ್ಟು ಅವಸರದಲ್ಲಿ ಆಗಿದೆ ಎಂದು ಬೇರೆ ಕೇಳಬೇಕಿಲ್ಲ. ಬಾಗಿಲ ಕೆಳಗೆ 5ರಿಂದ 6 ಮಿ.ಮೀ. ಸಂದಿರಬೇಕು.

ದಾರಂದದ (ಬಾಗಿಲ ಚೌಕಟ್ಟಿನ) ಕಾಲೂ ಅಷ್ಟೇ. ನೆಲ ಏರಿದಾಗ ಅದರ ಬುಡ ಹಸಿ ಗಾರೆಯೊಳಗೆ ಹೂತುಹೋಗುತ್ತದೆ. ಮರದ ಕಡಿದ ತುದಿ ಬತ್ತಿಯಂತೆ ನೀರು ಹೀರುತ್ತದೆ. ನೆಲದಿಂದ ಆರು ಅಂಗುಲದವರೆಗೆ ಅಲ್ಲಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಒಳ್ಳೆ ಹೊನ್ನೆ, ಮತ್ತಿ, ತೇಗವಾದರೆ ಪೇಂಟಿನ ಮೇಲೆ ಚುಕ್ಕಿ ಬೀಳುತ್ತದೆ, ಅಷ್ಟೆ. ಬೆಣ್ಣೆಗೆ ಚುಚ್ಚಿದಂತೆ ಒಳಗೆ ಹೋದರೆ ಅಲ್ಲಿ ಮರ ಇಲ್ಲ, ಪುಟ್ಟಿ ಇದೆ. ಬಚ್ಚಲುಮನೆ ಬಾಗಿಲಲ್ಲಿ ಇದನ್ನು ಮರೆಯದೆ ಮಾಡಿ. ಮಾರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಹಿಂಜ್ ಮತ್ತು ಸ್ಕ್ರೂ

ಬಾಗಿಲನ್ನು ಅರ್ಧ ತೆರೆದು ಕೈ ಬಿಡಿ. ತಾನೇ ತೆರೆದುಕೊಂಡರೆ ಅಥವಾ ಮುಚ್ಚಿಕೊಂಡರೆ ದಾರಂದ ನೆಟ್ಟಗೆ ನಿಂತಿಲ್ಲ. ಆಮೇಲೆ ಚಿಲಕದ ಕಡೆ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಲೊಡಲೊಡ ಅಂದರೆ ಸ್ಕ್ರೂ ಸಡಿಲ. ಅವಸರದ ಕೆಲಸದಲ್ಲಿ ಸ್ಕ್ರೂವನ್ನು ತಿರುಗಿಸುವುದಿಲ್ಲ, ಮುಕ್ಕಾಲು ಭಾಗ ಸುತ್ತಿಗೆಯಲ್ಲಿ ಬಡಿದು ಕೊನೆಗೆ ಎರಡು ಸುತ್ತು ತಿರುಗಿಸುತ್ತಾರೆ. ಮರದ ನಾರು ಹರಿದು ಹಿಡಿತ ಹೋಗಿರುತ್ತದೆ. ಸ್ಕ್ರೂ ತಲೆಯ ಗೀರು ಹೊಸದರಂತೆ ಚೂಪಾಗಿದ್ದು, ತಲೆ ಓರೆಯಾಗಿ ಕೂತಿದ್ದರೆ ಅದೇ ಗುರುತು. ಹಿಂಜ್ ಹಿಂದೆ ರಟ್ಟಿನ ಚೂರು ಇಟ್ಟಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಇದು ಹೆದರುವ ದೋಷವಲ್ಲ. ಸ್ಕ್ರೂ ತೆಗೆದು, ಗಟ್ಟಿ ಮರದ ಸಣ್ಣ ಗೂಟಕ್ಕೆ ಫೆವಿಕಾಲ್ ಹಚ್ಚಿ ತೂತಿಗೆ ಬಡಿದು, ಒಂದು ದಿನ ಒಣಗಲು ಬಿಡಿ. ಆಮೇಲೆ ಗೂಟವನ್ನು ಮಟ್ಟಕ್ಕೆ ಕತ್ತರಿಸಿ, ಸ್ಕ್ರೂಗಿಂತ ಸಣ್ಣ ಬಿಟ್‌ನಲ್ಲಿ ತೂತು ಕೊರೆದು, ಮೊದಲಿನದಕ್ಕಿಂತ ಉದ್ದದ ಸ್ಕ್ರೂವನ್ನು ಕೈಯಲ್ಲೇ ತಿರುಗಿಸಿ. ಏಳು ಅಡಿ ಬಾಗಿಲಿಗೆ ಹಿಂಜ್ ಎರಡೇ ಇದ್ದರೆ ಮೂರನೆಯದು ಹಾಕಿಸಿ.

ಪಟ್ಟಿಯ ಮೂಲೆ ಹೇಳುವ ಮಾತು

ದಾರಂದದ ಸುತ್ತ ಹೊಡೆಯುವ ಅಲಂಕಾರದ ಪಟ್ಟಿ ಮೂಲೆಯಲ್ಲಿ 45 ಡಿಗ್ರಿಗೆ ಕೂಡುತ್ತದೆ. ಆ ಕೂಡಿನ ಬಿರುಕು ಎಲ್ಲಿ ಬಿಟ್ಟಿದೆ ಎಂದು ಟಾರ್ಚು ಓರೆಯಾಗಿ ಹಿಡಿದು ನೋಡಿ. ಬಿರುಕು ಒಳಮೂಲೆಯಲ್ಲಿ ಅಗಲವಾಗಿದ್ದು ಹೊರತುದಿ ಕೂಡಿಕೊಂಡೇ ಇದ್ದರೆ, ಪಟ್ಟಿ ಹೊಡೆದಾಗ ಮರ ಹಸಿಯಿತ್ತು, ಆಮೇಲೆ ಅಗಲಕ್ಕೆ ಕುಗ್ಗಿದೆ. ಹೊರತುದಿಯಲ್ಲಿ ಬಿಟ್ಟಿದ್ದರೆ ಮರ ತೇವ ಕುಡಿದು ಹಿಗ್ಗಿದೆ, ಗೋಡೆ ಸೋರುತ್ತಿದೆಯೇ ನೋಡಿ. ಉದ್ದಕ್ಕೂ ಒಂದೇ ಸಮ ಬಿರುಕಿದ್ದರೆ ಮರದ ತಪ್ಪೇನೂ ಇಲ್ಲ, ಪಟ್ಟಿ ಗಿಡ್ಡ ಕತ್ತರಿಸಿದ್ದಾರೆ. ಮೂರನೆಯದು ಅಂದಕ್ಕೆ ಮಾತ್ರ ಕೇಡು. ಮೊದಲಿನದು ಸಿಕ್ಕಿದರೆ ಆ ಮನೆಯ ಹೊಸ ಮರವೆಲ್ಲ ಹಸಿಯಾಗಿಯೇ ಬಂದಿರಬಹುದು, ಕಿಟಕಿಗಳನ್ನೂ ಎರಡು ಸಲ ನೋಡಿ.

ಪ್ಯಾನಲ್ ನಟ್ಟನಡುವೆ ಉದ್ದಕ್ಕೆ ಸೀಳಿದ್ದರೆ ಕಾರಣ ಹೆಚ್ಚಾಗಿ ಒಂದೇ. ಪ್ಯಾನಲ್ ತನ್ನ ಗ್ರೂವ್‌ನೊಳಗೆ ಸಡಿಲವಾಗಿ ಕೂತು, ಹಿಗ್ಗಲು ಕುಗ್ಗಲು ಜಾಗ ಇರಬೇಕು. ಅಲ್ಲಾಡುತ್ತದೆ ಅಂತ ಫೆವಿಕಾಲ್ ಹಾಕಿ ಮೊಳೆ ಹೊಡೆದರೆ, ಬೇಸಿಗೆಯಲ್ಲಿ ಕುಗ್ಗುವಾಗ ಎರಡೂ ಕಡೆ ಎಳೆದು ನಡುವೆ ಸೀಳುತ್ತದೆ. ಪುಟ್ಟಿ ತುಂಬಿದರೆ ಮುಂದಿನ ವರ್ಷ ಮತ್ತೆ ಬಿಡುತ್ತದೆ.

ಕುಟ್ಟೆ, ಗೆದ್ದಲು, ಕಾಣದ ಜಂತಿ

ತೋಟದ ನೆರಳಿಗೆ ಬೆಳೆಸಿದ ಸಿಲ್ವರ್ ಓಕ್ ಇಲ್ಲಿ ಅಗ್ಗಕ್ಕೆ ಸಿಗುತ್ತದೆ. ಒಳಗಿನ ಕೆಲಸಕ್ಕೆ ಪರವಾಗಿಲ್ಲ, ಹೊರಬಾಗಿಲಿಗೆ, ಮಳೆ ಬಡಿಯುವ ಕಿಟಕಿಗೆ ಬೇಡ. ಯಾವ ಮರವಾದರೂ ಚೇಗಿನ (ನಡುವಿನ ಗಟ್ಟಿ ಮರದ) ಸುತ್ತಲಿನ ಬಿಳಿ ಭಾಗಕ್ಕೆ ಕುಟ್ಟೆ ಹುಳ ಬೀಳುತ್ತದೆ. ಒಂದೆರಡು ಮಿ.ಮೀ. ತೂತು, ಕೆಳಗೆ ಮೈದಾ ಹಿಟ್ಟಿನಂಥ ಪುಡಿ. ತೂತು ಮಾತ್ರ ಇದ್ದು ಒಳಗೆ ಕಪ್ಪಾಗಿದ್ದರೆ ಹಳೆಯದು. ಅನುಮಾನವಿದ್ದರೆ ಕೆಳಗೆ ಕಪ್ಪು ಕಾಗದ ಹಾಸಿ ಒಂದು ವಾರ ಬಿಟ್ಟು ಬಂದು ನೋಡಿ.

ಔಷಧಿ ಪೇಂಟಿನ ಮೇಲೆ ಬಳಿದರೆ ಒಳಗೆ ಇಳಿಯುವುದಿಲ್ಲ. ಪೇಂಟು ಕೆರೆದು, ಹತ್ತು ಲೀಟರ್ ಬಿಸಿನೀರಿಗೆ 300 ಗ್ರಾಂ ಬೊರಾಕ್ಸ್, 200 ಗ್ರಾಂ ಬೋರಿಕ್ ಆಸಿಡ್ ಕರಗಿಸಿ ಎರಡು ಮೂರು ಸಲ ಬಳಿದು ಒಣಗಿಸಿ, ಆಮೇಲೆ ಪ್ರೈಮರ್ ಹೊಡೆಸಿ. ಕೈಗವಸು ಹಾಕಿಕೊಳ್ಳಿ. ಇದು ನೀರಿಗೆ ತೊಳೆದುಹೋಗುವುದರಿಂದ ಮಳೆ ಬೀಳುವ ಮರಕ್ಕೆ ಪ್ರಯೋಜನವಿಲ್ಲ.

ಹಂಚಿನ ಮನೆಗೆ ಹೊಸದಾಗಿ ಪಿವಿಸಿ ಸೀಲಿಂಗ್ ಹೊಡೆದಿದ್ದರೆ ಒಂದು ಹಲಗೆ ಬಿಚ್ಚಿಸಿ. ಆಗುವುದಿಲ್ಲ ಅಂದರೆ ಹೊರಗಿನಿಂದ ನಾಲ್ಕು ಹಂಚು ಸರಿಸಿ. ನೋಡಬೇಕಾದ್ದು ಜಂತಿಯ ನಡುವೆ ಅಲ್ಲ, ಅದು ಗೋಡೆಯೊಳಗೆ ಹೋಗುವ ತುದಿ. ಗೆದ್ದಲಿನ ಮಣ್ಣು, ನೀರಿನ ಕಲೆ ಎರಡೂ ಅಲ್ಲೇ ಮೊದಲು ಕಾಣುತ್ತವೆ. ಜಂತಿ ತುದಿ ಕೊಳೆತಿದ್ದರೆ ಅದು ಬೆಲೆ ಇಳಿಸುವ ಮಾತಲ್ಲ, ಮನೆ ಬಿಡುವ ಮಾತು, ಇಲ್ಲವೇ ಛಾವಣಿ ಪೂರ್ತಿ ಬಿಚ್ಚುವ ಖರ್ಚು ಹಿಡಿದು ಮಾತಾಡಬೇಕು.

ಕಬೋರ್ಡು

ಮೈಕಾ ಹೊದಿಸಿದ ಮೇಲೆ ಒಳಗಿರುವುದು ಯಾವುದೆಂದು ಯಾರಿಗೂ ಕಾಣುವುದಿಲ್ಲ. ಆದರೆ ಬಾಗಿಲ ಒಳಮೈಯಲ್ಲಿ ಹಿಂಜ್ ಕೂತಿರುವ 35 ಮಿ.ಮೀ. ಗುಂಡು ತೂತು ಇರುತ್ತದೆ. ಎರಡು ಸ್ಕ್ರೂ ಬಿಚ್ಚಿ ಹಿಂಜ್ ಎತ್ತಿದರೆ ಆ ತೂತಿನ ಗೋಡೆಯಲ್ಲಿ ಎಲ್ಲ ಗೊತ್ತಾಗುತ್ತದೆ. ಪದರ ಪದರವಾಗಿದ್ದರೆ ಪ್ಲೈವುಡ್. ಮರದ ಚೂರು ಒತ್ತಿದಂತಿದ್ದರೆ ಪಾರ್ಟಿಕಲ್ ಬೋರ್ಡ್. ನಯವಾದ ಕಂದು ಹಿಟ್ಟಿನಂತಿದ್ದರೆ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ. ಪಾರ್ಟಿಕಲ್ ಬೋರ್ಡ್ ಅಡುಗೆಮನೆ ಸಿಂಕಿನ ಕೆಳಗಿದ್ದರೆ ಒಂದೆರಡು ಮಳೆಗಾಲದಲ್ಲಿ ಉಬ್ಬುತ್ತದೆ, ಆಮೇಲೆ ಸ್ಕ್ರೂ ಹಿಡಿಯುವುದಿಲ್ಲ, ರಿಪೇರಿಯೂ ಇಲ್ಲ. "ಮರೀನ್ ಪ್ಲೈ" (ನೀರು ತಡೆಯುವ ಪ್ಲೈ) ಅಂತ ಬಾಯಲ್ಲಿ ಹೇಳಿದರೆ, ಅದರ ಭಾರತೀಯ ಮಾನದಂಡವಾದ ಐಎಸ್ 710 ಎಂದು ಬರೆದಿರುವ ಬಿಲ್ಲು ಕೇಳಿ. ಬಿಲ್ಲಿಲ್ಲದಿದ್ದರೆ ಮಾಮೂಲಿ ಪ್ಲೈ ಎಂದೇ ಲೆಕ್ಕ ಹಾಕಿ.

ಕೊಂಡ ಮೇಲೆ ಸರಿ ಮಾಡಿಸುವುದಾದರೆ ಮೊದಲು ಸೋರುವುದನ್ನು ನಿಲ್ಲಿಸಿ, ನಂತರ ಗೆದ್ದಲು, ಕುಟ್ಟೆಗೆ ಮದ್ದು, ಆಮೇಲೆ ಬಾಗಿಲು. ಪಟ್ಟಿಯ ಮೂಲೆ, ಪುಟ್ಟಿ, ಪಾಲಿಶ್ ಎಲ್ಲ ಕಡೆಗೆ. ಬಾಗಿಲನ್ನು ಮಾತ್ರ ಜುಲೈಯಲ್ಲಿ ಕೀಸಿಸಬೇಡಿ. ಹಿಗ್ಗಿದ ಮರವನ್ನು ಕೀಸಿದರೆ ಮಾರ್ಚಿಯಲ್ಲಿ ಸಂದಿನಿಂದ ಪಕ್ಕದ ಕೋಣೆಯ ದೀಪ ಕಾಣುತ್ತದೆ. ದೀಪಾವಳಿ ಕಳೆದು ಗಾಳಿ ಒಣಗಲಿ, ಆಮೇಲೆ ಬಡಗಿಯನ್ನು ಕರೆಯಿರಿ.